ಕಟ್ಟೆಗೊಂದು ಬಾಗಿಲು

ನಮ್ಮೂರ ಕೆರೆ ವರ್ಷಕ್ಕೊಮ್ಮೆ ಜಾಗ ಬದಲಾಯಿಸುತ್ತದೆ. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಹೊತ್ತಿಗೆ ಒಂದು ಬೆಳಗ್ಗೆ ಎದ್ದು ನೋಡಿದರೆ, ನಿನ್ನೆಯವರೆಗೆ ಇದ್ದ ಬಯಲಿನಲ್ಲಿ ಅದು ಇರುವುದಿಲ್ಲ. ಇನ್ನೊಂದು ಕೇರಿಯ ಬಯಲಿನಲ್ಲಿ, ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ಮಲಗಿರುತ್ತದೆ. ಅದಕ್ಕೇ ಊರಿನ ಏಳು ಕೇರಿಗಳಲ್ಲೂ ಒಂದೊಂದು ದೊಡ್ಡ ಬಯಲನ್ನು ಹಿಂದಿನವರು ಖಾಲಿ ಬಿಟ್ಟಿದ್ದಾರೆ. ಕೆರೆ ಬಂದ ಕೇರಿಯವರು ಆ ವರ್ಷ ಮೀನು ತಿನ್ನುತ್ತಾರೆ, ಹೆಣ್ಣು ನೋಡಲು ಬಂದವರನ್ನು ಸಂಜೆ ದಡಕ್ಕೆ ಕರೆದುಕೊಂಡು ಹೋಗಿ ಗಾಳಿ ತೋರಿಸುತ್ತಾರೆ. ಬಿಟ್ಟುಹೋದ ಕೇರಿಯ ಬಯಲಿನಲ್ಲಿ ಕಪ್ಪಗಿನ ಗೋಡುಮಣ್ಣು ಉಳಿಯುತ್ತದೆ. ಆ ಗೋಡು ಯಾರ ಸೊತ್ತೂ ಅಲ್ಲ, ಯಾರು ಬೀಜ ಹಾಕಿದರೋ ಬೆಳೆ ಅವರದು. ಅಗಸರು ಒಗೆಯುವ ಕಲ್ಲುಗಳನ್ನು ಗಾಡಿಗೆ ಹೇರಿಕೊಂಡು, ಬೆಸ್ತರು ತೆಪ್ಪ ಹೊತ್ತುಕೊಂಡು ಕೆರೆಯ ಹಿಂದೆ ಹೋಗುತ್ತಾರೆ. ಶಾಲೆಯಲ್ಲಿ ಊರಿನ ಚಿತ್ರ ಬರೆಸುವಾಗ ಮೇಷ್ಟರು ಕೆರೆಯನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯಲು ಹೇಳುತ್ತಾರೆ.

ನಾನು ಮೇಲ್ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವನು. ಹೆಸರು ಗುರುಶಾಂತಪ್ಪ. ಊರಿನ ಶಾಸನಸಭೆಗೆ ಆಳುವ ಪಕ್ಷದಿಂದ ನಿಂತು ಗೆದ್ದಿದ್ದೆ. ಗೆಲ್ಲಲು ನಾನು ಮಾಡಿದ್ದು ಅಂಥದ್ದೇನೂ ಇಲ್ಲ. ಮೇಲ್ಪೇಟೆಯಲ್ಲಿ ನಮ್ಮ ಪಕ್ಷದ ಚಿಹ್ನೆಯಿಟ್ಟು ಒಂದು ಕುರ್ಚಿ ನಿಲ್ಲಿಸಿದರೂ ಗೆಲ್ಲುತ್ತಿತ್ತು. ನಮ್ಮ ಮುಖಂಡರು ಚಿಕ್ಕವೀರಪ್ಪನವರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಯಜಮಾನರು ಕೈ ಎತ್ತಿದಾಗ ನಾವು ಕೈ ಎತ್ತಬೇಕು, ಅಷ್ಟೇ ಕೆಲಸ. ಮಿಕ್ಕ ಹೊತ್ತಿನಲ್ಲಿ ನಾನು ಎದುರಿನ ಬೆಂಚನ್ನು ನೋಡುತ್ತ ಕೂರುತ್ತಿದ್ದೆ. ನೋಡುವುದಕ್ಕೆ ಅಲ್ಲಿ ದೇವೀರಮ್ಮ ಇದ್ದರು.

ದೇವೀರಮ್ಮ ವಿರೋಧಪಕ್ಷದ ನಾಯಕಿ. ಅವರ ಪಕ್ಷದಲ್ಲಿ ಅವರನ್ನೂ ಸೇರಿಸಿ ಮೂರೇ ಜನ, ಹಾಗಾಗಿ ನಾಯಕಿ ಎನ್ನುವ ಮಾತಿಗೆ ನಮ್ಮ ಕಡೆಯವರು ನಗುತ್ತಿದ್ದರು. ಕೆಳಗೇರಿಯ ಅಗಸರ ಮನೆಯ ಮಗಳು, ವಕೀಲಿಕೆ ಓದಿ, ಬಹಳ ವರ್ಷ ಚಿಕ್ಕ ಕೋರ್ಟಿನಲ್ಲಿ ಜಗಳಗಂಟರ ಕೇಸುಗಳನ್ನು ನಡೆಸಿದವರು. ಆಳು ಕುಳ್ಳು, ಗಂಟಲು ದೊಡ್ಡದು. ಒಮ್ಮೆ ಸಭಾಪತಿ ವಜ್ರೇಶಯ್ಯನವರು, ಎದ್ದು ನಿಂತು ಮಾತಾಡಿ ತಾಯಿ ಎಂದಾಗ, ನಿಂತೇ ಇದ್ದೇನೆ ಸ್ವಾಮಿ ಎಂದಿದ್ದರು. ಸಭೆಯ ನಿಯಮಗಳ ಪುಸ್ತಕವನ್ನು ನಾವು ಯಾರೂ ತೆರೆದಿರಲಿಲ್ಲ. ಅವರದು ಮಾತ್ರ ಓದಿ ಓದಿ ಹಪ್ಪಳದಂತೆ ಉಬ್ಬಿತ್ತು. ಪ್ರಶ್ನೋತ್ತರ ವೇಳೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆಗಳು ಸಣ್ಣವು. ಗಾಣಿಗರ ಕೇರಿಯ ಶಾಲೆಗೆ ಕಕ್ಕಸು ಯಾಕಿಲ್ಲ, ಪೇಟೆಯ ಕಸ ಕೆಳಗೇರಿಯ ಬಾಗಿಲಿಗೇ ಯಾಕೆ ಬೀಳುತ್ತದೆ, ಸಾಲುಮರ ಕಡಿಯಲು ಹೇಳಿದವರು ಯಾರು. ಮಂತ್ರಿಗಳು ಉತ್ತರ ಕೊಡುತ್ತಿದ್ದರು, ಇಲ್ಲವೆ ಕೊಟ್ಟ ಹಾಗೆ ಮಾಡುತ್ತಿದ್ದರು. ಆಮೇಲೆ ಮತಕ್ಕೆ ಹಾಕಿದರೆ ದೇವೀರಮ್ಮ ಸೋಲುತ್ತಿದ್ದರು. ಸೋತ ಕೂಡಲೇ ಕ್ಯಾಂಟೀನಿಗೆ ಹೋಗಿ ಎರಡು ಬೋಂಡ ತಿಂದು, ಬಾಯಿ ಒರೆಸಿಕೊಂಡು ಬಂದು ಮುಂದಿನ ಪ್ರಶ್ನೆಗೆ ಎದ್ದು ನಿಲ್ಲುತ್ತಿದ್ದರು. ಸೋಲು ಅವರ ಮೈಗೆ ಹತ್ತುತ್ತಲೇ ಇರಲಿಲ್ಲ.

ಆ ವರ್ಷ ಕೆರೆ ಮೇಲ್ಪೇಟೆಗೆ ಬಂದಿತ್ತು. ನಮ್ಮ ಮಹಡಿಯ ಕಿಟಕಿ ತೆರೆದರೆ ನೀರು. ನನ್ನ ಹೆಂಡತಿ ಸರ್ವಮಂಗಳ ಬೆಳಗಿನ ಕಾಫಿಯನ್ನು ಅಲ್ಲೇ ನಿಂತು ಕುಡಿಯುತ್ತಿದ್ದಳು. ಅಂಗಡಿಗೆ ಬಂದವರು ಅರ್ಧ ಗಂಟೆ ಹೆಚ್ಚು ಕೂರುತ್ತಿದ್ದರು, ಹಾಗಾಗಿ ಒಂದು ಸೀರೆ ಹೆಚ್ಚು ಕೊಳ್ಳುತ್ತಿದ್ದರು. ಮೇಲ್ಪೇಟೆಯವರಿಗೆ ಕೆರೆ ಇನ್ನು ಇಲ್ಲೇ ಇದ್ದರೆ ಎಷ್ಟು ಚೆನ್ನ ಅನ್ನಿಸಿದ್ದು ಸಹಜವೇ. ನನಗೂ ಅನ್ನಿಸಿತ್ತು. ನೀರಾವರಿ ಮಂತ್ರಿ ರಂಗಧಾಮಯ್ಯನವರ ಮನೆಯೂ ನಮ್ಮ ಬೀದಿಯಲ್ಲೇ ಇದ್ದದ್ದರಿಂದ ಆ ಅನಿಸಿಕೆ ಬೇಗನೆ ಮಸೂದೆಯಾಯಿತು. ಕೆರೆಯ ಸುತ್ತ ಕಲ್ಲಿನ ಕಟ್ಟೆ ಕಟ್ಟಿ ಅದನ್ನು ಮೇಲ್ಪೇಟೆಯಲ್ಲೇ ನಿಲ್ಲಿಸುವುದು, ಮಿಕ್ಕ ಆರು ಬಯಲುಗಳನ್ನು ಮನೆ ಕಾರ್ಖಾನೆಗಳಿಗೆ ಹಂಚುವುದು. ಖಾಲಿ ಬಿದ್ದ ನೆಲವನ್ನು ಖಾಲಿ ಬಿಡುವುದು ಪೆದ್ದುತನ ಎಂದು ಮಂತ್ರಿಗಳು ಹೇಳಿದಾಗ ನಾವೆಲ್ಲ ಮೇಜು ಕುಟ್ಟಿದೆವು.

ದೇವೀರಮ್ಮ ಅಂದು ಕೂಗಾಡಲಿಲ್ಲ. ಪುಸ್ತಕ ತೆರೆದು ಒಂದು ನಿಯಮ ಓದಿದರು. ಯಾವ ಮಸೂದೆಯಿಂದ ಯಾರ ನೆಲೆ ಕದಲುತ್ತದೋ ಅವರ ಮಾತನ್ನು ಒಂದು ಸಮಿತಿ ಕೇಳತಕ್ಕದ್ದು ಎಂದು ಅದರಲ್ಲಿತ್ತು. ಸಭಾಪತಿಗಳು ಕನ್ನಡಕ ಹಾಕಿಕೊಂಡು ನೋಡಿದರು, ಇತ್ತು. ವಜ್ರೇಶಯ್ಯನವರು ನಮ್ಮ ಪಕ್ಷದವರೇ ಆದರೂ ಪುಸ್ತಕದಲ್ಲಿ ಇದ್ದದ್ದನ್ನು ಇಲ್ಲ ಎನ್ನುವ ಜಾಯಮಾನದವರಲ್ಲ. ಸಮಿತಿ ಆಯಿತು. ರಂಗಧಾಮಯ್ಯನವರೇ ಅದಕ್ಕೆ ಅಧ್ಯಕ್ಷರು, ವಿರೋಧಪಕ್ಷದಿಂದ ದೇವೀರಮ್ಮ, ಮತ್ತು ಬಾಯಿ ಬಿಡುವವನಲ್ಲ ಎಂಬ ಧೈರ್ಯದಿಂದ ನಾನು. ಜನ ಸಭಾಭವನಕ್ಕೆ ಬಂದು ಹೇಳಿಕೊಳ್ಳಲಿ ಎಂದರು ಮಂತ್ರಿಗಳು. ಕೂಲಿ ಬಿಟ್ಟು ಬಂದವರಿಗೆ ಅಂದಿನ ಊಟವನ್ನು ಸಮಿತಿ ಹಾಕುತ್ತದೆಯೇ ಎಂದು ದೇವೀರಮ್ಮ ಕೇಳಿದರು. ಕೊನೆಗೆ ನಾವೇ ಹೋಗುವುದು ಎಂದಾಯಿತು.

ಒಂದೊಂದು ಕೇರಿಯ ಬಯಲಿಗೂ ಜೀಪಿನಲ್ಲಿ ಹೋದೆವು. ಗಾಣಿಗರ ಕೇರಿಯವರು ಕುಂಬಳಕಾಯಿ ಕೊಟ್ಟು ಕಳಿಸಿದರು. ಬೆಸ್ತರ ಕೇರಿಯಲ್ಲಿ ಒಬ್ಬ ಮುದುಕ, ಕೆರೆಯನ್ನು ಕಟ್ಟಿಹಾಕುವುದಾದರೆ ನನ್ನನ್ನೂ ಅಲ್ಲೇ ಕಟ್ಟಿಹಾಕಿ, ದಿನಾ ಮೇಲ್ಪೇಟೆಗೆ ನಡೆಯಲು ಕಾಲಿಲ್ಲ ಎಂದ. ಜೀಪಿನಲ್ಲಿ ದೇವೀರಮ್ಮ ಮಸೂದೆಯ ಮಾತೇ ಎತ್ತುತ್ತಿರಲಿಲ್ಲ. ಕೋರ್ಟಿನ ಹಳೆಯ ಕೇಸುಗಳನ್ನು ಹೇಳಿ ರಂಗಧಾಮಯ್ಯನವರನ್ನೂ ನಗಿಸುತ್ತಿದ್ದರು. ಒಂದು ಹುಂಜಕ್ಕಾಗಿ ಜಗಳವಾಡಿದ ಅಣ್ಣತಮ್ಮಂದಿರು, ತೀರ್ಪು ಬರುವ ಹೊತ್ತಿಗೆ ಆ ಹುಂಜವನ್ನು ಕೂಡಿ ತಿಂದುಬಿಟ್ಟಿದ್ದ ಕಥೆಗೆ ಮಂತ್ರಿಗಳು ಕಣ್ಣೊರೆಸಿಕೊಂಡಿದ್ದು ನನಗೆ ಇನ್ನೂ ನೆನಪಿದೆ.

ಕೆಳಗೇರಿಗೆ ಕೊನೆಯಲ್ಲಿ ಹೋದೆವು. ಅಲ್ಲಿಗೆ ಕೆರೆ ಬಂದು ಬಹಳ ವರ್ಷಗಳಾಗಿದ್ದವು. ಮೇಲುಗಡೆಯ ಬಣ್ಣದ ಕಾರ್ಖಾನೆಯ ಚರಂಡಿ ಆ ಕೇರಿಯ ಬೆನ್ನಿಗೇ ಹರಿಯುತ್ತಿತ್ತು. ಬಯಲಿನ ಅಂಚಿನಲ್ಲಿ ಸಾಕವ್ವ ಎಂಬಾಕೆ ನಮಗಾಗಿ ಚಾಪೆ ಹಾಸಿದ್ದಳು. ಸ್ವಂತ ನೆಲವಿಲ್ಲದ, ಪ್ರತಿವರ್ಷ ಎಲ್ಲೆಲ್ಲಿ ಗೋಡು ಉಳಿಯಿತೋ ಅಲ್ಲಿ ಸೊಪ್ಪು ಬೆಳೆದು ಮಾರಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ಹೆಂಗಸು. ಅವಳು ಚಹಾ ತಂದಿಟ್ಟಳು. ಹಾಲು ಹಾಕದ ಚಹಾ, ಆದರೆ ಕೆಂಪಲ್ಲ, ನೇರಳೆ. ರಂಗಧಾಮಯ್ಯನವರು ತಮಗೆ ಚಹಾ ಆಗುವುದಿಲ್ಲ ಎಂದು ಲೋಟ ಸರಿಸಿದರು. ದೇವೀರಮ್ಮ ಸೊರ್ ಎಂದು ಕುಡಿದರು. ನಾನು ಇಬ್ಬರ ಮುಖವನ್ನೂ ನೋಡಿ, ಸಾಕವ್ವನ ಮುಖವನ್ನು ನೋಡಿ, ಕುಡಿದೆ. ಹಳೆಯ ಬೀಗದ ಕೈ ಬಾಯಲ್ಲಿಟ್ಟುಕೊಂಡ ಹಾಗಿತ್ತು.

ಬಾವಿಯ ನೀರೇ ಹೀಗೆ ಎಂದು ಸಾಕವ್ವ ಹೇಳಿದಳು. ಕೆರೆ ಬಂದು ಒಂದು ವರ್ಷ ಮಲಗಿ ಎದ್ದುಹೋದರೆ ನೆಲವೆಲ್ಲ ತೊಳೆದ ಹಾಗಾಗಿ ಬಾವಿಗಳು ಸಿಹಿಯಾಗುತ್ತವೆ, ನಾಲ್ಕಾರು ವರ್ಷ ತೊಂದರೆಯಿಲ್ಲ. ಅವಳ ಮೊದಲ ಮಗಳು ಸಿಹಿನೀರು ಕುಡಿದು ಬೆಳೆದವಳು. ಕೊನೆಯವಳ ಹಲ್ಲು ಈ ನೀರಿನ ಬಣ್ಣಕ್ಕೇ ತಿರುಗಿದೆ. ಇದನ್ನೆಲ್ಲ ದೂರು ಹೇಳುವವಳಂತೆ ಹೇಳಲಿಲ್ಲ, ಹಿತ್ತಲಿನ ಸುದ್ದಿ ಹೇಳುವಂತೆ ಹೇಳಿದಳು. ರಂಗಧಾಮಯ್ಯನವರು, ಕೆರೆ ನಿಮ್ಮ ಕಡೆ ಬರುತ್ತದೆ ಎಂದು ಏನು ಗ್ಯಾರಂಟಿ, ಅದು ಇಷ್ಟು ವರ್ಷ ಬರಲೇ ಇಲ್ಲವಲ್ಲ ಎಂದರು. ತಪ್ಪು ಮಾತೇನಲ್ಲ. ಸಾಕವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಬರದೇ ಇದ್ದರೆ ಇಲ್ಲ ಬುದ್ಧಿ," ಎಂದಳು. "ನಿಮ್ಮ ಪೇಟೆಗೆ ಬಂತು, ನಾವು ಬೇಡ ಅಂದೆವಾ? ಇವತ್ತಲ್ಲ ನಾಳೆ ಇಲ್ಲಿಗೂ ಬಂದೀತು ಅಂತ ಕಾಯೋಕಾದರೂ ಬಿಡಿ. ಗೋಡೆ ಕಟ್ಟಿದರೆ ಕಾಯೋದೂ ಇಲ್ಲವಾಗುತ್ತೆ."

ವಾಪಸು ಬರುವಾಗ ಜೀಪಿನಲ್ಲಿ ಯಾರೂ ಕಥೆ ಹೇಳಲಿಲ್ಲ. ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದೆ, ಆ ರುಚಿ ಹೋಗಲಿಲ್ಲ. ಸರ್ವಮಂಗಳ ಏನಾಯಿತು ಎಂದಳು. ಎಲ್ಲ ಹೇಳಿದೆ. ಅವಳು ಕಿಟಕಿಯ ಹತ್ತಿರ ಹೋಗಿ ನೀರನ್ನು ನೋಡುತ್ತ ನಿಂತು, ಇದು ನಮಗೆ ಬರೀ ನೋಡುವುದಕ್ಕೆ ಅಲ್ಲವೇ ಎಂದಳು.

ಸಮಿತಿಯ ವರದಿ ಮಸೂದೆಯ ಪರವಾಗಿಯೇ ಹೋಯಿತು. ಅಧ್ಯಕ್ಷರು ಬರೆದರು, ನಾನು ಸಹಿ ಮಾಡಿದೆ, ದೇವೀರಮ್ಮ ತಮ್ಮ ಭಿನ್ನಾಭಿಪ್ರಾಯವನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದರು. ಮಸೂದೆ ಮತಕ್ಕೆ ಬಂದ ದಿನ ಅವರ ಕಡೆಯ ಇನ್ನಿಬ್ಬರು ಸಭೆಯಲ್ಲಿರಲಿಲ್ಲ. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಮಗಳ ನಿಶ್ಚಿತಾರ್ಥ. ನಮ್ಮ ಸಭೆಯಲ್ಲಿ ಯಾವ ತಿದ್ದುಪಡಿಯನ್ನಾದರೂ ಇನ್ನೊಬ್ಬ ಸದಸ್ಯ ಎದ್ದು ಅನುಮೋದಿಸಿದರೆ ಮಾತ್ರ ಅದು ಚರ್ಚೆಗೆ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ಬಿದ್ದುಹೋಗುತ್ತದೆ. ದೇವೀರಮ್ಮ ಒಂದು ಕಂತೆ ತಿದ್ದುಪಡಿಗಳನ್ನು ತಂದಿದ್ದರು. ಒಂದನ್ನು ಓದುವರು, ಸಭಾಪತಿಗಳು ಅನುಮೋದಕರು ಯಾರು ಎಂದು ಕೇಳುವರು, ಯಾರೂ ಏಳುವುದಿಲ್ಲ, ಬಿತ್ತು. ಇನ್ನೊಂದನ್ನು ಓದುವರು, ಬಿತ್ತು. ಅವರ ದನಿ ಮಾತ್ರ ಮೊದಲ ತಿದ್ದುಪಡಿಗೆ ಎಷ್ಟು ಗಟ್ಟಿಯಾಗಿತ್ತೋ ಅಷ್ಟೇ ಗಟ್ಟಿಯಾಗಿತ್ತು. ಊಟದ ಹೊತ್ತು ಹತ್ತಿರ ಬಂತು. ಯಜಮಾನರು ಎದ್ದು ಹೊರಗೆ ಹೋದರು. ರಂಗಧಾಮಯ್ಯನವರು ತಲೆ ಬಗ್ಗಿಸಿ ಕಡತಗಳಿಗೆ ಸಹಿ ಹಾಕತೊಡಗಿದರು. ಪಕ್ಕದವರು ಮದುವೆಮನೆಯೊಂದರ ಅಡುಗೆಯ ಬಗ್ಗೆ ಮಾತಾಡುತ್ತಿದ್ದರು.

ಆಗ ದೇವೀರಮ್ಮ ಓದಿದ್ದು ಇದು. ಕೆರೆಯ ಸುತ್ತಲಿನ ಕಟ್ಟೆಗೆ ಒಂದು ಬಾಗಿಲು ಇರತಕ್ಕದ್ದು, ಮಳೆಗಾಲ ಮುಗಿದ ಮೇಲೆ ಆ ಬಾಗಿಲನ್ನು ತೆರೆದು ಬಿಡತಕ್ಕದ್ದು, ಮತ್ತು ಬಾಗಿಲಿನಿಂದ ಹೊರಟ ನೀರಿಗೆ ಇಳಿದುಕೊಳ್ಳಲು ಮಿಕ್ಕ ಆರು ಬಯಲುಗಳೂ ಖಾಲಿ ಇರತಕ್ಕದ್ದು.

ಓದಿ ಮುಗಿಸಿ ಹಾಳೆ ಇಳಿಸಿದರು. ಸಭಾಪತಿಗಳು ಅನುಮೋದಕರು ಎಂದರು. ದೇವೀರಮ್ಮ ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ, ಯಾಕೆಂದರೆ ನೋಡಲಿ ಎಂದು ನಾನು ಕಾಯುತ್ತಿದ್ದೆ. ನೋಡಿದ್ದರೆ ಒಂದು ನೆಪ ಸಿಗುತ್ತಿತ್ತು, ಅವರು ಕರೆದರು ನಾನು ಎದ್ದೆ ಎನ್ನಬಹುದಿತ್ತು. ಅವರು ಹಾಳೆಯನ್ನು ಕಂತೆಯ ಕೆಳಗೆ ಹಾಕಿ, ಅದೂ ಬಿತ್ತೆಂದೇ ತಿಳಿದು, ಮುಂದಿನದನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ನಾನು ಎದ್ದು ನಿಂತೆ. ಮಂಡಿ ಮೇಜಿಗೆ ತಾಗಿ ಶಾಯಿಯ ಬಾಟಲಿ ಉರುಳಿತು.

"ನಾನು ಅನುಮೋದಿಸುತ್ತೇನೆ," ಎಂದೆ. ಸಭೆಯಲ್ಲಿ ನಾನು ಆಡಿದ ಮೊದಲ ಮಾತು ಅದು.

ವಜ್ರೇಶಯ್ಯನವರು ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ, ತಿದ್ದುಪಡಿಗೆ ಗುರುಶಾಂತಪ್ಪನವರ ಅನುಮೋದನೆ ಇದೆ, ಸರ್ಕಾರದ ಅಭಿಪ್ರಾಯವೇನು ಎಂದು ಕೇಳಿದರು. ರಂಗಧಾಮಯ್ಯನವರು ಕಡತದಿಂದ ತಲೆ ಎತ್ತಿದರು. ತಮ್ಮ ಪಕ್ಷದವನೇ ಎದ್ದು ನಿಂತಿದ್ದಾನೆ, ಯಾವತ್ತೂ ಬಾಯಿ ಬಿಡದವನು ಬಿಟ್ಟಿದ್ದಾನೆ ಎಂದರೆ ಯಜಮಾನರೇ ಹೇಳಿ ಎಬ್ಬಿಸಿರಬೇಕು ಎಂದುಕೊಂಡರಂತೆ. ಮುಂದೆ ಅವರೇ ನನಗೆ ಹೇಳಿದ್ದು. ಸರ್ಕಾರ ಒಪ್ಪುತ್ತದೆ ಎಂದರು. ಮಂತ್ರಿಗಳು ಒಪ್ಪಿದರೆಂದು ನಮ್ಮ ಬೆಂಚುಗಳೆಲ್ಲ ಹೌದು ಎಂದವು. ತಿದ್ದುಪಡಿ ಅಂಗೀಕಾರವಾಯಿತು, ಮಸೂದೆಯೂ ಆಯಿತು, ಎಲ್ಲರೂ ಊಟಕ್ಕೆ ಎದ್ದರು. ದೇವೀರಮ್ಮ ಮಾತ್ರ ಕೈಯಲ್ಲಿ ಮುಂದಿನ ಹಾಳೆ ಹಿಡಿದುಕೊಂಡು ನಿಂತೇ ಇದ್ದರು. ಅವರು ಗೆದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಗೆದ್ದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಯಜಮಾನರು ಅಂದೇ ಮಧ್ಯಾಹ್ನ ನನ್ನನ್ನು ಕರೆಸಿದರು.

"ಗುರುಶಾಂತಪ್ಪ, ನಿನ್ನನ್ನು ಸಭೆಗೆ ಕಳಿಸಿದ್ದು ಕೂರುವುದಕ್ಕೆ. ಏಳುವುದಕ್ಕಲ್ಲ."

ಕೆಳಗೇರಿಯ ಚಹಾ ಕುಡಿದು ಬಂದೆ, ಕೂರಲು ಆಗಲಿಲ್ಲ ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಕಾನೂನನ್ನು ಹಿಂದಕ್ಕೆ ತೆಗೆದುಕೊಳ್ಳೋಣ ಎಂದರೆ ಮಂತ್ರಿಗಳು ಕೇಳಿಸಿಕೊಳ್ಳದೆ ಒಪ್ಪಿದರು ಎಂದು ಊರಿಗೆಲ್ಲ ಹೇಳಿದಂತಾಗುತ್ತದೆ. ಅದಕ್ಕಿಂತ ಬಾಗಿಲು ಇಡುವುದೇ ಮೇಲು, ಕೆರೆಯೇನು ಬಾಗಿಲು ನೋಡಿಕೊಂಡು ಹೋಗುತ್ತದೆಯೇ, ಒಂದೆರಡು ವರ್ಷ ಅಲ್ಲಾಡದಿದ್ದರೆ ಬಯಲುಗಳ ಮಾತು ಮತ್ತೆ ಎತ್ತೋಣ ಎಂದು ತೀರ್ಮಾನವಾಯಿತು. ನನ್ನನ್ನು ಪಕ್ಷದಿಂದ ತೆಗೆದರು. ಮರುದಿನ ನನ್ನ ಕುರ್ಚಿಯನ್ನು ಜವಾನರು ಎದುರಿನ ಸಾಲಿಗೆ ಹೊತ್ತುಕೊಂಡು ಹೋದರು, ಅದರ ಹಿಂದೆ ನಾನು ನಡೆದೆ. ದೇವೀರಮ್ಮ ಸರಿದು ಜಾಗ ಮಾಡಿಕೊಟ್ಟು, ನಿಯಮದ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು.

ಮೇಲ್ಪೇಟೆಯಲ್ಲಿ ಮಾತ್ರ ಅಷ್ಟು ಸುಲಭವಾಗಲಿಲ್ಲ. ಅಂಗಡಿಗೆ ಬರುವವರು ಕಡಿಮೆಯಾದರು. ಬೀದಿಯಲ್ಲಿ ಎದುರಾದವರು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದರು. ಕಟ್ಟೆ ಎದ್ದಿತು. ಹಸಿರು ಬಣ್ಣ ಬಳಿದ, ಎರಡಾಳೆತ್ತರದ ಕಬ್ಬಿಣದ ಬಾಗಿಲನ್ನೂ ಇಟ್ಟರು. ಮಳೆ ಸುರಿಯಿತು, ನಿಂತಿತು. ಆಕಾಶ ತಿಳಿಯಾದ ದಿನ ರಂಗಧಾಮಯ್ಯನವರೇ ಬಂದು ಬಾಗಿಲು ತೆರೆಸಿದರು. ಒಂದು ತೊಟ್ಟು ನೀರೂ ಈಚೆ ಬರಲಿಲ್ಲ. ಕೆರೆ ಹೊಸ್ತಿಲ ತನಕ ಬಂದು, ಒಳಗೇ, ಕನ್ನಡಿಯಂತೆ ನಿಂತಿತು. ನೆರೆದವರು ನಕ್ಕರು. ಎಷ್ಟೋ ಬೆಳಗು ಕಳೆದವು. ಹಿಂದೆಲ್ಲ ಇಷ್ಟು ಹೊತ್ತಿಗೆ ಅದು ಹೊರಟಾಗಿರುತ್ತಿತ್ತು. ನೀರಿನ ಮೇಲೆ ಹಸಿರು ಪಾಚಿ ಕಟ್ಟಿತು, ಸೊಳ್ಳೆ ಎದ್ದವು, ಸರ್ವಮಂಗಳ ಕಿಟಕಿ ತೆರೆಯುವುದನ್ನು ಬಿಟ್ಟಳು. ಕಲ್ಲು ನೋಡಿ ಕೆರೆಗೆ ಹೋಗುವ ಅಭ್ಯಾಸವೇ ಮರೆತುಹೋಯಿತೇನೋ ಎಂದು ದೇವೀರಮ್ಮನವರ ಹತ್ತಿರ ಹೇಳಿಕೊಂಡೆ. ಅವರು ಬಣ್ಣದ ಕಾರ್ಖಾನೆಯ ಚರಂಡಿಯ ಬಗ್ಗೆ ಒಂದು ನಿರ್ಣಯ ಬರೆಯುತ್ತ ಕೂತಿದ್ದರು.

"ಹೋಗುವುದು ಬಿಡುವುದು ಅದರ ಇಷ್ಟ ಗುರುಶಾಂತಪ್ಪನವರೇ. ದಾರಿ ಬಿಡುವುದಷ್ಟೇ ನಮ್ಮ ಕೆಲಸ," ಎಂದರು. "ಅದು ಬರಲಿ ಬಾರದಿರಲಿ, ಬಾವಿಗೆ ವಿಷ ಬಿಡುವುದು ನಿಲ್ಲಬೇಕಲ್ಲ. ಇದನ್ನು ನೀವು ಅನುಮೋದಿಸುತ್ತೀರೋ ಇಲ್ಲವೋ ಹೇಳಿ."

ಆ ನಿರ್ಣಯ ಸಭೆಗೆ ಬಂದಾಗ ಅನುಮೋದಕರು ಯಾರು ಎಂದು ಕೇಳುವ ಮೊದಲೇ ನಾನು ಎದ್ದಿದ್ದೆ. ಕೆಳಗೇರಿಯ ನೀರನ್ನು ಸಭೆಯಲ್ಲಿ ಎಲ್ಲರಿಗೂ ಲೋಟದಲ್ಲಿ ಕೊಡಿಸಬೇಕೆಂದು ದೇವೀರಮ್ಮ ಕೇಳಿದರು, ಸಭಾಪತಿಗಳು ಒಪ್ಪಿದರು. ಯಾರೂ ಕುಡಿಯಲಿಲ್ಲ. ಕುಡಿಯದವರು ವಿರುದ್ಧ ಮತ ಹಾಕುವುದು ಹೇಗೆ? ರಂಗಧಾಮಯ್ಯನವರು ತಮ್ಮ ಮುಂದಿನ ಲೋಟವನ್ನು ಬಹಳ ಹೊತ್ತು ನೋಡಿ, ಚರಂಡಿಯನ್ನು ಮುಚ್ಚಿಸಿ ಕಾರ್ಖಾನೆ ತನ್ನ ಕೊಳೆಯನ್ನು ತಾನೇ ಶುದ್ಧಮಾಡಿಕೊಳ್ಳುವಂತೆ ಆಜ್ಞೆ ಮಾಡುತ್ತೇನೆ ಎಂದರು. ಅಲ್ಲಿಯವರೆಗೆ ಕೆಳಗೇರಿಗೆ ಗಾಡಿಯಲ್ಲಿ ಸಿಹಿನೀರು ಕಳಿಸುವುದೆಂದೂ ಆಯಿತು.

ಅದಾದ ಕೆಲವು ದಿನಕ್ಕೆ ಒಂದು ಬೆಳಗ್ಗೆ ಸರ್ವಮಂಗಳ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. ಕಿಟಕಿ ಪೂರ್ತಿ ತೆರೆದಿತ್ತು. ಕಟ್ಟೆಯ ಒಳಗೆ ನೀರಿರಲಿಲ್ಲ. ಹಸಿರು ಬಾಗಿಲು ಹಾಗೇ ತೆರೆದುಕೊಂಡಿತ್ತು, ಅದರ ಹೊಸ್ತಿಲು ಇನ್ನೂ ಒದ್ದೆಯಾಗಿತ್ತು. ಪಂಚೆ ಕಟ್ಟಿಕೊಂಡು ಓಡಿದೆ. ಕೆರೆ ಗಾಣಿಗರ ಕೇರಿಯ ಬಯಲಿನಲ್ಲಿತ್ತು, ತಿಳಿಯಾಗಿ, ಏನೂ ಆಗಿಲ್ಲವೆಂಬಂತೆ. ದಡದಲ್ಲಿ ಆಗಲೇ ಅರ್ಧ ಊರು ನೆರೆದಿತ್ತು. ಅಗಸರ ಗಾಡಿಗಳು ಬರುತ್ತಿದ್ದವು. ಬೆಸ್ತರ ಮುದುಕ ನೀರಿನಲ್ಲಿ ಮೊಣಕಾಲವರೆಗೆ ಇಳಿದು ಸುಮ್ಮನೆ ನಿಂತಿದ್ದ. ದೇವೀರಮ್ಮ ಜನರ ನಡುವೆ ಎಲ್ಲಿದ್ದಾರೆಂದು ಹುಡುಕಬೇಕಾಯಿತು. ಸಾಕವ್ವನ ಪಕ್ಕದಲ್ಲಿ ನಿಂತು, ಇಬ್ಬರೂ ಒಂದೇ ಕೊಡೆಯ ನೆರಳಿನಲ್ಲಿ ನೀರು ನೋಡುತ್ತಿದ್ದರು.

ಕೆಳಗೇರಿಗೆ ಬರಲಿಲ್ಲವಲ್ಲ ಎಂದು ನಾನು ಮೆಲ್ಲಗೆ ಅಂದೆ. ನನಗೆ ನಿಜವಾಗಿ ಬೇಸರವಾಗಿತ್ತು. ಸಾಕವ್ವ ನನ್ನನ್ನು ಸಮಾಧಾನ ಮಾಡುವವಳಂತೆ, ಹೊರಟಿತಲ್ಲ, ಸಾಕು, ಹೊರಟದ್ದು ಒಂದು ದಿನ ಬಂದೇ ಬರುತ್ತೆ ಎಂದಳು. ಆಮೇಲೆ, ಮೇಲ್ಪೇಟೆಯಲ್ಲಿ ಗೋಡು ಎಷ್ಟು ದಪ್ಪ ಇದೆ ಎಂದು ಕೇಳಿದಳು. ನಾನು ನೋಡಿರಲಿಲ್ಲ.

ಅವಳು ಮಧ್ಯಾಹ್ನದ ಹೊತ್ತಿಗೆ ಮಕ್ಕಳನ್ನೂ ಬೀಜದ ಗಂಟುಗಳನ್ನೂ ಕಟ್ಟಿಕೊಂಡು, ಕೆಳಗೇರಿಯ ಹತ್ತಾರು ಹೆಂಗಸರ ಜೊತೆ ನಮ್ಮ ಬೀದಿಗೆ ಬಂದಳು. ಮೇಲ್ಪೇಟೆಯವರು ಕಾಂಪೌಂಡುಗಳ ಹಿಂದೆ, ಮಹಡಿಗಳ ಮೇಲೆ ನಿಂತು ನೋಡಿದರು. ಕಟ್ಟೆಯ ಒಳಗೆ ಮೈಯೆಲ್ಲ ಮಿಂಚುವ ಕಪ್ಪು ಕೆಸರು ಹರಡಿಕೊಂಡಿತ್ತು, ವಾಸನೆ ಬೀದಿಯ ತುಂಬ ಇತ್ತು. ಹೆಂಗಸರು ಹಸಿರು ಬಾಗಿಲಿನಿಂದಲೇ ಒಳಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಹರಿವೆ, ಮೆಂತ್ಯ, ಸೌತೆ ಎಂದು ಪಾತಿ ಮಾಡತೊಡಗಿದರು. ಸ್ವಲ್ಪ ಹೊತ್ತಿಗೆ ಸರ್ವಮಂಗಳ ನನಗೊಂದು ಮಾತೂ ಹೇಳದೆ ಮೆಟ್ಟಿಲಿಳಿದು ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಸಾಲಿನಲ್ಲಿ ಬಗ್ಗಿದಳು. ಅವಳ ಹಿಂದೆ ಪಕ್ಕದ ಮನೆಯ ಹೆಂಗಸು, ಆಕೆಯ ಹಿಂದೆ, ನಂಬುವುದಾದರೆ ನಂಬಿ, ರಂಗಧಾಮಯ್ಯನವರ ಸೊಸೆ. ಮಂತ್ರಿಗಳು ತಮ್ಮ ಗೇಟಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

ನಾನು ಬಾಗಿಲ ಹೊಸ್ತಿಲ ಮೇಲೆ ನಿಂತಿದ್ದೆ. ಸಾಕವ್ವ ತಲೆ ಎತ್ತಿ ನೋಡಿದಳು.

"ಮೆಂಬರ್ರೇ, ಚಪ್ಪಲಿ ಬಿಟ್ಟು ಇಳೀರಿ," ಎಂದಳು.

ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ ಇಳಿದೆ. ಕೆಸರು ಮೊಣಕಾಲವರೆಗೆ ಬಂತು. ಬೆಚ್ಚಗಿತ್ತು.